ಡಾಕ್ಟರ ಮನೆಯ ಒದ್ದೆ ಗೋಡೆ

ಪಾಳುಬಿದ್ದ ಮನೆಗಳನ್ನು ಕೊಂಡು, ತೊಳೆದು, ರಿಪೇರಿ ಮಾಡಿ ಮಾರುವುದು ನನ್ನ ಕಸುಬು. ಎಂಟು ಮನೆಗಳನ್ನು ಹಾಗೆ ದಾಟಿಸಿದ್ದೇನೆ. ಅವುಗಳಲ್ಲಿ ಒಂದರ ಮೇಲೂ ನನಗೆ ಪ್ರೀತಿಯಾಗಲಿ ದ್ವೇಷವಾಗಲಿ ಇರಲಿಲ್ಲ. ಒಂಬತ್ತನೆಯದನ್ನು ಕೊಂಡದ್ದು ಮಾತ್ರ ಶುದ್ಧ ಹಗೆಯಿಂದ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ಯಾರೂ ನನ್ನನ್ನು ಒಳ್ಳೆಯವಳು ಅಂದುಕೊಂಡು ಮೋಸಹೋಗುವುದು ಬೇಡ.

ಅದು ಡಾಕ್ಟರ ಮನೆ. ಕಟ್ಟಿದ್ದು ನನ್ನ ಅಪ್ಪ. ನನಗಾಗ ಒಂಬತ್ತು ವರ್ಷ. ಅಪ್ಪ ಗಾರೆ ಕೆಲಸದವನು. ಅವನು ಎಬ್ಬಿಸಿದ ಗೋಡೆಗೆ ರಸಮಟ್ಟ ಹಿಡಿದರೆ ಅದರ ಗಾಜಿನೊಳಗಿನ ಗುಳ್ಳೆ ನಡುವಿನಿಂದ ಕದಲುವುದಿಲ್ಲ ಅಂತ ಅವನ ಜೊತೆಯವರೇ ಹೊಟ್ಟೆಕಿಚ್ಚು ಪಡುತ್ತಿದ್ದರು. ಮನೆ ಮುಗಿದು ವರ್ಷ ತುಂಬುವುದರೊಳಗೆ ಮುಂದಿನ ಕೋಣೆಯ ಒಂದು ಗೋಡೆ ಒದ್ದೆಯಾಗತೊಡಗಿತು. ಡಾಕ್ಟರು ರೋಗಿಗಳನ್ನು ನೋಡುತ್ತಿದ್ದದ್ದು ಆ ಕೋಣೆಯಲ್ಲೇ. ಬಂದವರೆಲ್ಲ "ಇದೇನು ಡಾಕ್ಟ್ರೇ, ಹೊಸ ಮನೆ ಹೀಗಾಯ್ತಲ್ಲ" ಅನ್ನುತ್ತಿದ್ದರು. "ಗಾರೆಯವನು ಅರ್ಧ ಸಿಮೆಂಟು ಕದ್ದ, ಬರೀ ಮರಳಲ್ಲಿ ಕಟ್ಟಿ ಕೈತೊಳ್ಕೊಂಡ" ಅನ್ನುತ್ತಿದ್ದರು ಡಾಕ್ಟರು. ನಾಲಿಗೆ ತೋರಿಸಿ ಅಂತ ರೋಗಿಯ ಬಾಯಿ ತೆರೆಸುವುದು, ಅವನು ಉತ್ತರ ಕೊಡಲಾಗದೆ ಕೂತಿರುವಾಗ ತಮ್ಮ ನಾಲಿಗೆಯನ್ನು ಹರಿಯಬಿಡುವುದು. ಇಡೀ ಬಡಾವಣೆಗೆ ಅವರೊಬ್ಬರೇ ಡಾಕ್ಟರು. ಜ್ವರವೋ ಕೆಮ್ಮೋ, ವರ್ಷಕ್ಕೊಮ್ಮೆಯಾದರೂ ಆ ಗೋಡೆಯ ಎದುರು ಕೂರದವರು ಯಾರೂ ಇರಲಿಲ್ಲ. ಔಷಧಿಯ ಜೊತೆಗೆ ಈ ಸುದ್ದಿಯನ್ನೂ ಎಲ್ಲರೂ ಮನೆಗೆ ಒಯ್ದರು.

ಎರಡು ವರ್ಷದಲ್ಲಿ ಅಪ್ಪನನ್ನು ಕೆಲಸಕ್ಕೆ ಕರೆಯುವವರು ಒಬ್ಬರೂ ಉಳಿಯಲಿಲ್ಲ. ಕರಣೆ ಹಿಡಿದ ಕೈ ಗೋದಾಮಿನಲ್ಲಿ ಮೂಟೆ ಹೊತ್ತಿತು. ಸಾಯುವ ತನಕ ಹೊತ್ತಿತು.

ಆದರೆ ನಿಜವಾದ ಪೆಟ್ಟು ಬಿದ್ದದ್ದು ನಮ್ಮ ಮನೆಯೊಳಗೆ. ಡಾಕ್ಟರ ಮನೆ ಕಟ್ಟುತ್ತಿದ್ದಾಗಲೇ ಅಪ್ಪ ನಮ್ಮ ಅಡಿಗೆಮನೆಗೆ ಸಿಮೆಂಟಿನ ಕಟ್ಟೆ ಹಾಕಿಕೊಟ್ಟಿದ್ದ. ಚೀಲ ಹರಿದಿತ್ತು, ಡಾಕ್ಟರೇ ಕೊಟ್ಟರು ಅಂದಿದ್ದ. ಬೀದಿಯಲ್ಲಿ ಮಾತು ಹುಟ್ಟಿದ ದಿನ ಅಮ್ಮ ಆ ಕಟ್ಟೆಯನ್ನೇ ದಿಟ್ಟಿಸಿ ನೋಡಿ "ಕೊಟ್ಟೋರೇ ಕಳ್ಳ ಅಂತಾರಾ?" ಅಂತ ಕೇಳಿದಳು. ಅಪ್ಪ ಕರಣೆ ತೊಳೆಯಲು ಹಿತ್ತಲಿಗೆ ಹೋದ. ಅವನ ಬಾಯಿಂದ ಹೊರಟ ಮಾತು ಒಂದೇ ಸಲಕ್ಕೆ, ಎರಡನೆಯ ಸಲ ಬಿಡಿಸಿ ಹೇಳುವ ಜಾಯಮಾನವೇ ಅಲ್ಲ. ಮರುದಿನದಿಂದ ಅಮ್ಮ ದುಡ್ಡಿನ ಪೆಟ್ಟಿಗೆಗೆ ಬೀಗ ಹಾಕಿದಳು. ಬಟ್ಟೆ ಹೊಲಿದು ಮನೆ ನಡೆಸುತ್ತಿದ್ದವಳು ಅವಳೇ. ಬೀಗದ ಕೈಯನ್ನು ದಾರಕ್ಕೆ ಪೋಣಿಸಿ ಕೊರಳಿಗೆ ಹಾಕಿಕೊಂಡಳು. ಅಪ್ಪ ಸಾಯುವ ತನಕ, ಹತ್ತೊಂಬತ್ತು ವರ್ಷ, ಅದನ್ನು ಕೊರಳಿಂದ ತೆಗೆಯಲಿಲ್ಲ. ತಟ್ಟೆ ಇಡುತ್ತಿದ್ದಳು, ಬಡಿಸುತ್ತಿದ್ದಳು, ಮುಖ ನೋಡುತ್ತಿರಲಿಲ್ಲ. ಜ್ವರ ಬಂದಾಗ ಹಣೆ ಮುಟ್ಟಿ ನೋಡುವುದಕ್ಕೂ ನನ್ನನ್ನೇ ಕಳಿಸುತ್ತಿದ್ದಳು.

ನನಗೆ ಬೇಕಾಗಿದ್ದದ್ದು ಒಂದೇ. ಡಾಕ್ಟರ ಬಾಯಿಂದಲೇ, ಬೀದಿಯವರ ಎದುರೇ, ಅಮ್ಮನ ಕಿವಿಗೆ ಬೀಳಬೇಕು: ಅವನು ಕಳ್ಳನಲ್ಲ. ನಾನು ನೂರು ಸಲ ಹೇಳಿದ್ದೆ. ಅಮ್ಮ ನೂರು ಸಲವೂ "ನಿನಗೇನು ಗೊತ್ತು, ನೀನು ಅಪ್ಪನ ಬಾಲ" ಅಂದಿದ್ದಳು.

ಡಾಕ್ಟರ ಹೆಂಡತಿ ತೀರಿಕೊಂಡ ಮೇಲೆ ಅವರು ಪಕ್ಕದ ಬೀದಿಯಲ್ಲಿರುವ ತಮ್ಮನ ಮನೆ ಸೇರಿದ್ದರು. ಈ ಮನೆಗೆ ಬೀಗ ಬಿದ್ದು ಹನ್ನೊಂದು ವರ್ಷವಾಗಿತ್ತು. ಮಾರಾಟಕ್ಕಿದೆ ಅಂತ ತಿಳಿದ ದಿನವೇ ನಾನು ಮುಂದೆ ನಿಂತೆ. ಕಾಗದಪತ್ರವನ್ನೆಲ್ಲ ಅವರ ತಮ್ಮನ ಮಗ ನೋಡಿಕೊಂಡ, ಹಾಗಾಗಿ ನಾನು ಯಾರ ಮಗಳು ಅಂತ ಡಾಕ್ಟರಿಗೆ ಗೊತ್ತಾಗಲಿಲ್ಲ. ಅಮ್ಮನಿಗೆ ಹೇಳಿದಾಗ ಅವಳು ಬಾಯಲ್ಲಿ ಕಚ್ಚಿದ್ದ ಗುಂಡುಪಿನ್ನುಗಳನ್ನು ಒಂದೊಂದಾಗಿ ತೆಗೆದು ಡಬ್ಬಿಗೆ ಹಾಕಿದಳು.

"ಬೇರೆ ಮನೆ ಸಿಗಲಿಲ್ವಾ ನಿನಗೆ?"

"ಸಿಕ್ತು. ಇದೇ ಬೇಕು ಅನ್ನಿಸ್ತು."

"ಸತ್ತೋರನ್ನ ಸುಮ್ಮನೆ ಇರೋಕೆ ಬಿಡಲ್ಲ ನೀನು," ಅಂದು ಮೆಷಿನ್ನಿನ ಚಕ್ರ ತಿರುಗಿಸಿದಳು.

ಬೀಗ ತೆಗೆದ ದಿನ ಬಾಗಿಲು ಜಪ್ಪಯ್ಯ ಅಂದರೂ ತೆರೆಯಲಿಲ್ಲ. ಚೌಕಟ್ಟು ಊದಿಕೊಂಡಿತ್ತು. ಭುಜ ಕೊಟ್ಟು ನೂಕಿದೆವು. ಒಳಗೆ ಪಾರಿವಾಳಗಳ ಸಂಸಾರ, ಮೊಣಕಾಲಿನ ತನಕ ಹಿಕ್ಕೆ, ಬಚ್ಚಲಲ್ಲಿ ಮೋರಿಯ ಮೂಲಕ ಒಳಗೆ ನುಗ್ಗಿದ ಬೇರು, ಕಪಾಟಿನ ತುಂಬ ಖಾಲಿ ಔಷಧಿ ಬಾಟಲಿ. ನನ್ನ ಜೊತೆ ಇದ್ದದ್ದು ಒಬ್ಬ ಪೇಂಟರು. ಅವನನ್ನು ನಾವೆಲ್ಲ ಮೌನಿ ಅಂತ ಕರೆಯುತ್ತೇವೆ, ಏಕೆಂದರೆ ಅವನು ನಿದ್ದೆಯಲ್ಲಿ ಮಾತ್ರ ಬಾಯಿ ಮುಚ್ಚುತ್ತಾನೆ, ಅದೂ ಸಂಶಯ.

"ಅಕ್ಕಾ, ಈ ಬಾಟಲಿ ಲೆಕ್ಕ ನೋಡಿದ್ರೆ ಈ ಡಾಕ್ಟ್ರು ಜನರಿಗೆ ಗುಣ ಮಾಡಿದ್ದಕ್ಕಿಂತ ಕುಡಿಸಿದ್ದೇ ಜಾಸ್ತಿ," ಅಂದ.

ಮೂರು ದಿನ ಬರೀ ಹೊತ್ತು ಹಾಕಿದ್ದೇ ಕೆಲಸ. ಆಮೇಲೆ ಸೂರು. ಒಡೆದ ಹೆಂಚು ತೆಗೆದು ಹೊಸದು ಕೂರಿಸಿದೆವು. ಮೋರಿಯ ಬೇರನ್ನು ಕತ್ತರಿಸಿ ಎಳೆದಾಗ ಅದು ಹನ್ನೆರಡು ಅಡಿ ಉದ್ದ ಬಂತು. ಕಿಟಕಿಗಳು ಬಣ್ಣದಿಂದಲೇ ಅಂಟಿ ಕೂತಿದ್ದವು. ಒಂದೊಂದರ ಸುತ್ತಲೂ ಚಾಕು ಆಡಿಸಿ ಬಿಡಿಸಿದೆ. ಗೋಡೆಗಳ ಬಣ್ಣ ಕೆರೆದೆವು, ಹಸಿರಿನ ಕೆಳಗೆ ಹಳದಿ, ಹಳದಿಯ ಕೆಳಗೆ ನೀಲಿ. ಎಲ್ಲದರ ಕೆಳಗೆ ಅಪ್ಪನ ಗಿಲಾವು ಸಿಕ್ಕಿತು. ಕೈಯಾಡಿಸಿದರೆ ಒಂದೇ ಒಂದು ಕಡೆಯೂ ಉಬ್ಬಿಲ್ಲ, ತಗ್ಗಿಲ್ಲ. ನನಗೆ ಹೆಮ್ಮೆಯೂ ಆಯಿತು, ಮೈಯೂ ಉರಿಯಿತು. ಇಂಥ ಕೈಗೆ ಮೂಟೆ ಹೊರಿಸಿದರು.

ಮುಂದಿನ ಕೋಣೆಯ ಆ ಒಂದು ಗೋಡೆಯನ್ನು ಮಾತ್ರ ನಾನು ಮುಟ್ಟಲಿಲ್ಲ, ಮೌನಿಗೂ ಮುಟ್ಟಲು ಬಿಡಲಿಲ್ಲ. ಅದರ ಮೇಲೆ ಹಳೆಯ ಕಲೆಗಳಿದ್ದವು, ಆದರೆ ಒಣಗಿತ್ತು. ಮನೆಯಲ್ಲಿ ನೀರೇ ಇಲ್ಲದೆ ಹನ್ನೊಂದು ವರ್ಷವಾದ ಮೇಲೆ ಒಣಗದೆ ಏನು ಅಂದುಕೊಂಡೆ. ಮೂಲೆಯಲ್ಲಿ ಡಾಕ್ಟರು ಕೈತೊಳೆಯುತ್ತಿದ್ದ ಬೇಸಿನ್ನು, ಅದಕ್ಕೆ ಸೂರಿನ ಮೇಲಿನ ತೊಟ್ಟಿಯಿಂದ ಗೋಡೆಯೊಳಗೇ ಇಳಿದು ಬರುವ ಪೈಪು. ಪೈಪೇ ಎಲ್ಲೋ ಸೋರಿರಬೇಕು ಅಂತ ನನ್ನ ಊಹೆ. ಅದನ್ನು ಎಲ್ಲರ ಮುಂದೆ ಒಡೆದು ತೋರಿಸಬೇಕು ಅಂತ ನನ್ನ ಹಟ.

"ಮೊದಲೇ ಒಂದು ಸಲ ಒಡೆದು ನೋಡ್ಕೊಳ್ಳಿ ಅಕ್ಕಾ," ಅಂದ ಮೌನಿ. "ಜನ ಸೇರಿಸಿ ಒಡೆದಾಗ ಒಳಗೆ ಬರೀ ಮರಳು ಸಿಕ್ಕಿದ್ರೆ?"

ಅವನು ಹೇಳಿದ್ದರಲ್ಲಿ ತಪ್ಪಿರಲಿಲ್ಲ. ಆದರೆ ಅಪ್ಪನ ಗೋಡೆಯನ್ನು ಕದ್ದು ಪರೀಕ್ಷೆ ಮಾಡಿ ಆಮೇಲೆ ಅವನನ್ನು ನಂಬುವುದಾದರೆ ನನಗೂ ಅಮ್ಮನಿಗೂ ಏನು ವ್ಯತ್ಯಾಸ? ಹಾಗೆ ಅವನಿಗೆ ಹೇಳಲಿಲ್ಲ. "ನಿನ್ನ ಕೆಲಸ ನೋಡು" ಅಂದೆ.

ಡಾಕ್ಟರು ದಿನಾ ಬೆಳಿಗ್ಗೆ ಹತ್ತಕ್ಕೆ ಕೋಲೂರಿಕೊಂಡು ಗೇಟಿನ ಹತ್ತಿರ ಬರುತ್ತಿದ್ದರು. ಎಂಬತ್ತೆರಡು ವರ್ಷ, ಇಸ್ತ್ರಿ ಮಾಡಿದ ಅಂಗಿ, ಮೇಲಿನ ಗುಂಡಿಯ ತನಕ ಹಾಕಿರುತ್ತಿದ್ದರು. ಮೊದಲ ವಾರ ಹೊರಗೇ ನಿಂತರು. ಎರಡನೆಯ ವಾರ ನಾನೇ ಕುರ್ಚಿ ಹಾಕಿಸಿದೆ. ಬಲೆಗೆ ತಾನಾಗಿ ಬಂದು ಬೀಳುವವರನ್ನು ಬೇಡ ಅನ್ನಲು ನಾನು ಯಾರು.

"ಚೆನ್ನಾಗಿ ಮಾಡ್ತಿದ್ದೀಯಮ್ಮ," ಅನ್ನುತ್ತಿದ್ದರು. "ಇಷ್ಟು ಅಚ್ಚುಕಟ್ಟು ಕೆಲಸ ಈಗೆಲ್ಲ ಎಲ್ಲಿ? ಪೂರ್ತಿ ಮುಗಿದ ಮೇಲೆ ಒಂದು ಸಲ ಒಳಗೆ ಕೂತು ಹೋಗ್ತೀನಿ."

ಒಂದು ದಿನ ಕಿಟಕಿಯಿಂದ ಆ ಗೋಡೆಯ ಕಡೆ ಕೋಲು ತೋರಿಸಿ, "ಕೆಲಸದವರ ಮೇಲೆ ಕಣ್ಣಿಟ್ಟಿರು. ಈ ಮನೆ ಕಟ್ಟಿದವನು ಅರ್ಧ ಸಿಮೆಂಟು ಕದ್ದ, ಗೊತ್ತಾ? ಬರೀ ಮರಳಲ್ಲಿ ಕಟ್ಟಿ ಕೈತೊಳ್ಕೊಂಡ" ಅಂದರು. ಅದೇ ಮಾತು, ಅದೇ ಧಾಟಿ, ಮೂವತ್ತೇಳು ವರ್ಷದ ಮೇಲೂ ಒಂದು ಪದ ಆಚೀಚೆ ಇಲ್ಲ. ಹೇಳಿ ಹೇಳಿ ಬಾಯಿಪಾಠವಾಗಿಬಿಟ್ಟಿತ್ತು. ನನ್ನ ಕೈಯಲ್ಲಿ ಚಾಕು ಇತ್ತು. ಕಿಟಕಿಯ ಬಣ್ಣ ಕೆರೆಯುವ ಚಾಕು. ಅದನ್ನು ಕೆಳಗಿಟ್ಟು, "ಹೌದಾ ಡಾಕ್ಟ್ರೇ, ಆಮೇಲೆ?" ಅಂತ ಕೇಳಿದೆ. ಅವರು ಖುಷಿಯಿಂದ ಪೂರ್ತಿ ಹೇಳಿದರು. ನಾನು ನಗುತ್ತಾ ಪೂರ್ತಿ ಕೇಳಿದೆ.

ಒಂದು ಗೋಡೆ ಬಿಟ್ಟು ಮಿಕ್ಕೆಲ್ಲ ಮುಗಿಯಿತು. ಮನೆ ನೋಡಲು ಬನ್ನಿ ಅಂತ ಬೀದಿಯ ಹಳಬರನ್ನು ಕರೆದೆ. ಕಿರಾಣಿ ಅಂಗಡಿಯವರು, ಅಂಚೆಯಣ್ಣ, ಮೂಲೆಮನೆಯ ಟೀಚರಮ್ಮ, ಇನ್ನೂ ಏಳೆಂಟು ಮಂದಿ. ಎಲ್ಲರೂ ಒಂದು ಕಾಲದಲ್ಲಿ ಆ ಕೋಣೆಯಲ್ಲಿ ನಾಲಿಗೆ ಚಾಚಿ ಕೂತವರೇ. ಬೆಳಿಗ್ಗೆ ಹನ್ನೊಂದಕ್ಕೆ ಬಂದರು, ನೆಲ ನೋಡಿದರು, ಕಿಟಕಿ ತೆರೆದು ಮುಚ್ಚಿದರು. ಡಾಕ್ಟರನ್ನು ನಡುವಿನ ಕುರ್ಚಿಯಲ್ಲಿ ಕೂರಿಸಿದೆ. ಅಮ್ಮನನ್ನು ಕೈಹಿಡಿದು ಎಳೆದುಕೊಂಡೇ ಬಂದಿದ್ದೆ. ಅವಳು ಬಾಗಿಲ ಪಕ್ಕ ಸ್ಟೂಲಿನ ಮೇಲೆ ಕೂತು ಯಾರ ಮುಖವನ್ನೂ ನೋಡಲಿಲ್ಲ. ಡಾಕ್ಟರಿಗೂ ಅವಳ ಗುರುತು ಹತ್ತಿದಂತೆ ಕಾಣಲಿಲ್ಲ.

"ಈ ಗೋಡೆ ಒಂದು ಉಳೀತು," ಅಂದೆ. "ಇದರಲ್ಲಿ ಸಿಮೆಂಟಿಲ್ಲ ಅಂತ ಡಾಕ್ಟ್ರು ಹೇಳಿದ್ದಾರೆ. ಕೆಡವಬೇಕಾ ಬೇಡ್ವಾ, ನೀವೇ ನೋಡಿ ಹೇಳಿ."

ಉಳಿ ಇಟ್ಟು ಸುತ್ತಿಗೆ ಹಾಕಿದೆ. ಟಣ್ ಅಂತು. ಎರಡನೆಯ ಏಟಿಗೂ ಟಣ್. ಐದನೆಯ ಏಟಿಗೆ ಉಳಿಯ ಮೂತಿಯೇ ಮಡಚಿತು, ಗೋಡೆಯಿಂದ ಬಂದದ್ದು ಉಗುರಿನಷ್ಟು ಚೂರು. ಆ ಚೂರನ್ನು ಅಂಗಡಿಯವರ ಕೈಗೆ ಕೊಟ್ಟು, ಪುಡಿ ಮಾಡಿ ನೋಡಿ ಅಂದೆ. ಅವರು ಎರಡು ಬೆರಳಲ್ಲಿ ತಿಕ್ಕಿದರು, ನೆಲಕ್ಕೆ ಹಾಕಿ ಚಪ್ಪಲಿಯಲ್ಲಿ ಒತ್ತಿದರು.

"ಕಲ್ಲಾಗಿದೆ," ಅಂದರು. "ಇದು ಮರಳಲ್ಲ."

ಅಮ್ಮನ ಕಡೆ ತಿರುಗಿದೆ. ಅವಳು ನೆಲದ ಮೇಲಿನ ಚೂರನ್ನೇ ನೋಡುತ್ತಿದ್ದಳು. ಪೈಪಿನ ಜಾಡು ಹಿಡಿದು ಬೇಸಿನ್ನಿನ ಮೇಲೆ ಇನ್ನೊಂದು ಕಡೆ ಉಳಿ ಇಟ್ಟೆ. ಈ ಸಲ ಅದು ಬೆಣ್ಣೆಗೆ ಇಳಿದ ಹಾಗೆ ಇಳಿದುಹೋಯಿತು. ಕೈ ಹಾಕಿದರೆ ಅದು ಅಪ್ಪನ ಗಿಲಾವೇ ಅಲ್ಲ. ಯಾರೋ ಒಂದೂವರೆ ಅಡಿ ಗೋಡೆ ಒಡೆದು ಆಮೇಲೆ ತೇಪೆ ಹಾಕಿದ್ದರು. ಕಿತ್ತೆ. ಒಳಗೆ ಹಳೆಯ ಪೈಪಿನ ನಡುವೆ ಒಂದು ಹೊಸ ತುಂಡು ಜೋಡಿಸಿದ್ದರು. ಪೈಪಿನ ಹಿಂದೆ ಟೊಳ್ಳಿಗೆ ದಿನಪತ್ರಿಕೆ ತುರುಕಿದ್ದರು. ಕೆಲವು ನಲ್ಲಿ ಕೆಲಸದವರ ಸೋಮಾರಿತನ ಅದು, ಗಾರೆ ಉಳಿಸಲು ಟೊಳ್ಳಿಗೆ ಕಸ ತುರುಕುತ್ತಾರೆ. ಪತ್ರಿಕೆಯ ಉಂಡೆ ಭಾರವಾಗಿತ್ತು. ಬಿಡಿಸಿದರೆ ಒಳಗೆ ಕತ್ತರಿಸಿ ತೆಗೆದ ಪೈಪಿನ ತುಂಡು. ಅದರ ನಡುವೆ ಈ ಬದಿಯಿಂದ ಆ ಬದಿಗೆ ಹೊಕ್ಕ ಒಂದು ಮೊಳೆ, ತುಕ್ಕು ಹಿಡಿದು ಪೈಪಿಗೇ ಅಂಟಿಕೊಂಡಿತ್ತು.

"ಇಲ್ಲಿ ಏನು ನೇತುಹಾಕಿದ್ರು ಆಗ?" ಅಂತ ಕೇಳಿದೆ.

"ಕಣ್ಣು ಪರೀಕ್ಷೆಯ ಪಟ," ಅಂದರು ಟೀಚರಮ್ಮ. "ದೊಡ್ಡಕ್ಷರ, ಸಣ್ಣಕ್ಷರ. ನಾನು ಓದಿದ್ದೀನಿ."

ನಾನು ಪತ್ರಿಕೆಯನ್ನು ಮಡಿಲಲ್ಲಿ ಹರವಿ ಮೇಲಿನ ಸಾಲನ್ನು ಗಟ್ಟಿಯಾಗಿ ಓದಿದೆ. ದಿನ, ತಿಂಗಳು, ವರ್ಷ. ಅಪ್ಪ ಸಾಯುವುದಕ್ಕೆ ಸರಿಯಾಗಿ ನಾಲ್ಕು ವರ್ಷ ಮುಂಚಿನದು. ನಾನು ಬಂದದ್ದು ಸುಳ್ಳೊಂದನ್ನು ಒಡೆಯಲು. ಅದು ಯಾವಾಗಲೋ ಒಡೆದಿತ್ತು, ಈ ಮನುಷ್ಯ ಅದಕ್ಕೆ ತೇಪೆ ಹಾಕಿಸಿ, ಮೇಲೆ ಹಸಿರು ಬಣ್ಣ ಬಳಿಸಿ, ಮೊನ್ನೆ ಮೊನ್ನೆ ನನ್ನ ಮುಖಕ್ಕೆ ಅದೇ ಪಾಠ ಒಪ್ಪಿಸಿದ್ದ. ನನಗೆ ಸಿಟ್ಟು ಬಂತು. ಖುಷಿಯೂ ಆಯಿತು, ಯಾಕೆ ಮುಚ್ಚಿಡಲಿ. ಇಷ್ಟು ಸಿಗುತ್ತದೆ ಅಂತ ನಾನು ಅಂದುಕೊಂಡಿರಲಿಲ್ಲ.

"ಡಾಕ್ಟ್ರೇ, ನಾನು ಗಾರೆಯವನ ಮಗಳು," ಅಂದೆ. "ಅಲ್ಲಿ ಕೂತಿರೋದು ಅವನ ಹೆಂಡತಿ. ಈಗ ಹೇಳಿ, ಸಿಮೆಂಟು ಕದ್ದದ್ದು ಯಾರು?"

ಡಾಕ್ಟರು ಮೇಲಿನ ಗುಂಡಿಗೆ ಕೈ ಹಾಕಿ ಬಿಚ್ಚಿಕೊಂಡರು. ಸುತ್ತ ನಿಂತವರು ಯಾರೂ ಅವರ ಸಹಾಯಕ್ಕೆ ಬರಲಿಲ್ಲ.

"ಯಾರೂ ಕದೀಲಿಲ್ಲ," ಅಂದರು. "ಮೊಳೆ ಹೊಡೆದದ್ದು ನಾನೇ. ಪೈಪಿದೆ, ಈ ಜಾಗದಲ್ಲಿ ಮೊಳೆ ಹೊಡೀಬೇಡಿ ಅಂತ ನಿಮ್ಮಪ್ಪ ಹೇಳಿದ್ದ. ಮರೆತುಬಿಟ್ಟೆ. ಒದ್ದೆಯಾದಾಗ ಗೊತ್ತಾಗಲಿಲ್ಲ. ನಲ್ಲಿಯವನು ಒಡೆದು ತೋರಿಸಿದಾಗ ಗೊತ್ತಾಯ್ತು."

"ನಮ್ಮ ಮನೆ ಕಟ್ಟೆಗೆ ಹಾಕಿದ ಸಿಮೆಂಟು?"

"ಚೀಲ ಹರಿದು ಗಟ್ಟಿಯಾಗ್ತಿತ್ತು. ತಗೊಂಡು ಹೋಗು ಅಂದದ್ದು ನಾನೇ."

"ನಾಲ್ಕು ವರ್ಷ ಬದುಕಿದ್ದ ಅವನು, ಇಲ್ಲಿಂದ ಮೂರು ಬೀದಿ ಆಚೆ. ಬಂದು ಒಂದು ಮಾತು ಹೇಳೋಕೆ ನಿಮ್ಮ ಕಾಲು ಸವೀತಿತ್ತಾ?"

"ಬಂದಿದ್ದೆ," ಅಂದರು ಡಾಕ್ಟರು.

ನಾನು ನಕ್ಕೆ. ಸುಳ್ಳು ಅಂತಲೇ ಅಂದುಕೊಂಡೆ. ಅವರು ನನ್ನನ್ನು ನೋಡುತ್ತಿರಲಿಲ್ಲ. ಅಮ್ಮನನ್ನು ನೋಡುತ್ತಿದ್ದರು.

"ನಲ್ಲಿಯವನು ಹೋದ ಮಾರನೇ ದಿನವೇ ಬಂದಿದ್ದೆ. ಇವರು ಮೆಷಿನ್ ಮುಂದೆ ಕೂತಿದ್ರು. ಗಾರೆಯವನು ಇದ್ದಾನಾ ಅಂತ ಕೇಳಿದೆ. 'ಆ ಕಳ್ಳನ ಸುದ್ದಿ ನನ್ನ ಹತ್ರ ಎತ್ತಬೇಡಿ. ನೀವು ಒಂದು ಸಲ ಮೋಸ ಹೋದ್ರಿ, ನಾನು ದಿನಾ ಅವನ ಜೊತೆ ಬಾಳ್ತಿದ್ದೀನಿ' ಅಂದ್ರು. ಕಟ್ಟಿಕೊಂಡವಳೇ ಹೀಗಂದ ಮೇಲೆ ನಾನು ಹೋಗಿ ಏನು ಹೇಳೋದು ಅಂತ ವಾಪಸ್ ಬಂದೆ. ಹಾಗೆ ವಾಪಸ್ ಬರೋದೇ ನನಗೂ ಸುಲಭ ಆಯ್ತು. ಅದೂ ನಿಜ."

ಕೋಣೆಯಲ್ಲಿದ್ದವರೆಲ್ಲ ಒಟ್ಟಿಗೆ ಬಾಗಿಲ ಕಡೆ ತಿರುಗಿದರು. "ಸುಳ್ಳು ಹೇಳ್ತಿದ್ದಾರೆ, ಅಲ್ವಾ ಅಮ್ಮ?" ಅಂದೆ. ನನ್ನ ದನಿ ನನಗೇ ಚಿಕ್ಕ ಹುಡುಗಿಯದಂತೆ ಕೇಳಿಸಿತು.

"ಇಲ್ಲ. ಹಾಗೇ ಅಂದಿದ್ದೆ," ಅಂದಳು ಅಮ್ಮ.

ಅವಳು ಎದ್ದು ಡಾಕ್ಟರ ಕುರ್ಚಿಯ ಎದುರು ಬಂದು ನಿಂತಳು. ಅಮ್ಮ ಕುಳ್ಳಿ, ಕೂತಿದ್ದ ಅವರಿಗೂ ನಿಂತಿದ್ದ ಅವಳಿಗೂ ಹೆಚ್ಚು ಅಂತರವಿರಲಿಲ್ಲ.

"ನೀವು ಹೇಳಿದ್ರಿ ಅಂತ ನಾನು ನಂಬಿದೆ," ಅಂದಳು. "ಇಷ್ಟು ಓದಿದವರು ಸುಮ್ಮನೆ ಹೇಳ್ತಾರಾ ಅಂತ. ನಿಮ್ಮ ಮಾತನ್ನೇ ನಿಮಗೆ ವಾಪಸ್ ಕೊಟ್ಟೆ ನಾನು. ಅದನ್ನೇ ಸಾಕ್ಷಿ ಅಂತ ಜೇಬಿಗೆ ಹಾಕ್ಕೊಂಡು ಹೋದ್ರಾ?"

ಡಾಕ್ಟರು ಕೋಲು ಹುಡುಕಿ ಎದ್ದರು. ಬಾಗಿಲ ಮೆಟ್ಟಿಲಲ್ಲಿ ಒಂದು ಗಳಿಗೆ ತಡವರಿಸಿ ನಿಂತರು. ಅಂಚೆಯಣ್ಣ ಅಲ್ಲೇ ಇದ್ದ, ಕೈ ಕೊಡಲಿಲ್ಲ, ಪಕ್ಕಕ್ಕೆ ಸರಿದ. ಟೀಚರಮ್ಮ ಎಲ್ಲರಿಗೂ ಕೇಳುವ ಹಾಗೆ "ನನ್ನ ಗಂಡ ಆ ಮನುಷ್ಯನಿಗೆ ಕೆಲಸ ಕೊಡಬೇಕು ಅಂತಿದ್ರು, ಇವರ ಮಾತು ಕೇಳಿ ಬಿಟ್ವಿ" ಅಂದರು. ನಾಳೆಯ ಹೊತ್ತಿಗೆ ಈ ಸುದ್ದಿ ಬಡಾವಣೆ ಪೂರ್ತಿ ಮುಟ್ಟುತ್ತದೆ ಅಂತ ನನಗೆ ಗೊತ್ತಿತ್ತು. ನಾನು ಬಯಸಿದ್ದು ಎಳ್ಳಷ್ಟೂ ಕಡಿಮೆಯಿಲ್ಲದೆ ನಡೆದಿತ್ತು. ಅವರು ಗೇಟು ದಾಟುವ ತನಕ ಆ ಬಾಗಿದ ಬೆನ್ನನ್ನು ನೋಡಿದೆ. ಅಯ್ಯೋ ಅನ್ನಿಸಲಿಲ್ಲ. ಇವತ್ತಿಗೂ ಅನ್ನಿಸುವುದಿಲ್ಲ.

ಜನ ಹೋದರು. ಮೌನಿ ಜೀವಮಾನದಲ್ಲಿ ಮೊದಲ ಸಲ ಒಂದು ಮಾತೂ ಆಡದೆ ಬಕೆಟ್ಟು ಎತ್ತಿಕೊಂಡು ಹಿತ್ತಲಿಗೆ ಹೋದ. ಅಮ್ಮ ಗೋಡೆಯ ತೂತಿನ ಎದುರು ನಿಂತು ಅಪ್ಪನ ಗಿಲಾವಿನ ಅಂಚನ್ನು ಬೆರಳಲ್ಲಿ ಮುಟ್ಟಿ ನೋಡಿದಳು. ಬಟ್ಟೆಯ ಹೊಲಿಗೆ ಗಟ್ಟಿಯಿದೆಯಾ ಅಂತ ನೋಡುವ ಅದೇ ರೀತಿಯಲ್ಲಿ.

"ನಾಲ್ಕು ವರ್ಷ," ಅಂದಳು. "ಅವತ್ತು ಡಾಕ್ಟ್ರಿಗೆ ಒಂದು ಲೋಟ ನೀರು ಕೊಟ್ಟು ಕೂರಿಸಿದ್ರೆ ಸಾಕಿತ್ತು. ಸಾಯಂಕಾಲ ಬಂದುಬಿಡ್ತಿದ್ರು ನಿಮ್ಮಪ್ಪ."

ನಾನು ನೆಲದ ಮೇಲಿನ ಚೂರುಗಳನ್ನು ಗುಡಿಸತೊಡಗಿದೆ.

"ಡಾಕ್ಟ್ರಿಗೆ ನೀನು ಮಾಡಬೇಕಾದ್ದು ಮಾಡಿದೆ," ಅಂದಳು ಅಮ್ಮ. "ನನಗೆ ಏನು ಮಾಡ್ತೀಯ?"

ನಿನ್ನದೇನು ತಪ್ಪಮ್ಮ, ಅವರು ಹೇಳಿದ್ದನ್ನು ನೀನು ನಂಬಿದೆ, ಅಷ್ಟೇ ತಾನೆ ಅನ್ನಬೇಕಿತ್ತು. ಮಾತು ಬಾಯಿಯ ತನಕ ಬಂದಿತ್ತು, ನಾಲಿಗೆಯ ತುದಿಯಲ್ಲೇ ಇತ್ತು. ಅಮ್ಮ ನನ್ನ ಮುಖ ನೋಡುತ್ತಾ ಕಾದಳು. ನಾನು ಬಾಂಡಲಿಗೆ ಸಿಮೆಂಟು ಸುರಿದೆ, ಮರಳು ಹಾಕಿದೆ, ನೀರು ಬಿಟ್ಟೆ, ತೂತು ಮುಚ್ಚಲು ಗಾರೆ ಕಲಸತೊಡಗಿದೆ.